ಮಗನನ್ನು ಕಳಕೊಂಡ ಮೇಲೂ ಹಾಡಿದವನು: ಹ್ಯಾರಿ ಲಾಡರನ ಚರಿತ್ರೆ

ಯುದ್ಧಕ್ಕೆ ಹೊರಟ ಸೈನ್ಯಕ್ಕೆ ಏನೇನು ಬೇಕೆಂದು ಯಾರಾದರೂ ನಮ್ಮನ್ನು ಕೇಳಿದರೆ ಅನ್ನ, ಬಟ್ಟೆ, ಆಯುಧ, ಔಷಧ ಎಂಬಿವುಗಳನ್ನು ನಾವು ಕೂಡಲೇ ಎಣಿಸಿ ಹೇಳುವೆವು. ಆದರೆ ಇವೆಲ್ಲವು ಸಾಕಷ್ಟಿದ್ದರೂ ಸಿಪಾಯಿಯ ಎದೆಯು ಕುಗ್ಗಿಹೋದರೆ ಅವನ ಕೈಯಲ್ಲಿರುವ ಆಯುಧವು ಪ್ರಯೋಜನಕ್ಕೆ ಬಾರದು. ಹಿಂದಿನ ಕಾಲದ ಅರಸರು ಇದನ್ನು ಚೆನ್ನಾಗಿ ತಿಳಿದಿದ್ದರು. ದಂಡಿನ ಮುಂದೆ ಕಹಳೆಯನ್ನೂ ನಗಾರಿಯನ್ನೂ ನಡಿಸಿದ್ದು ಬರೇ ಆಡಂಬರಕ್ಕಾಗಿ ಅಲ್ಲ. ಹೆದರಿದ ಮನುಷ್ಯನ ಹೃದಯವನ್ನು ಎತ್ತಿ ನಿಲ್ಲಿಸುವದಕ್ಕಾಗಿಯೇ.

1914ನೆಯ ಇಸವಿಯಿಂದ 1918ನೆಯ ಇಸವಿಯ ವರೆಗೆ ನಡೆದ ಮಹಾಯುದ್ಧದಲ್ಲಿ ಈ ಕೊರತೆಯು ಹಿಂದೆಂದೂ ಕಾಣದಷ್ಟು ದೊಡ್ಡದಾಯಿತು. ಯಾಕಂದರೆ ಫ್ರಾನ್ಸ್ ದೇಶದಲ್ಲಿ ಎರಡು ಪಕ್ಷದವರೂ ನೆಲದಲ್ಲಿ ಉದ್ದವಾದ ಕಂದಕಗಳನ್ನು ತೋಡಿ, ಒಬ್ಬರಿಗೊಬ್ಬರು ಎದುರಾಗಿ ವರ್ಷಗಟ್ಟಳೆ ಅದರೊಳಗೇ ವಾಸಮಾಡಿದರು. ಮಳೆ, ಕೆಸರು, ಇಲಿ, ಹೇನು, ಹಗಲಿರುಳು ಫಿರಂಗಿಗಳ ಗರ್ಜನೆ, ಪಕ್ಕದಲ್ಲಿ ಸತ್ತ ಜೊತೆಗಾರನ ಶವ, ಇವುಗಳ ನಡುವೆ ಇರುವ ಯೌವನಸ್ಥನಿಗೆ ತಾನೂ ಒಂದು ಮನೆಯಲ್ಲಿ ಹುಟ್ಟಿ ಬೆಳೆದವನೆಂಬದೇ ಮರೆತುಹೋಗುತ್ತಿತ್ತು. ಇಂಥವರ ಬಳಿಗೆ ಹಾಡುಗಾರರನ್ನು ಕಳುಹಿಸಬೇಕೆಂಬ ಯೋಚನೆಯು ಇಂಗ್ಲೆಂಡಿನಲ್ಲಿ ಹುಟ್ಟಿತು. 1915ನೆಯ ಇಸವಿಯಲ್ಲಿ ಲೀನಾ ಆಶ್‌ವೆಲ್ ಎಂಬ ನಾಟಕದ ಬಾಯಿಯು ವೈ. ಎಂ. ಸಿ. ಎ. ಎಂಬ ಕ್ರೈಸ್ತ ಯುವಕರ ಸಂಘದ ಸಹಾಯದಿಂದ ಗಾಯಕರ ಚಿಕ್ಕ ಗುಂಪುಗಳನ್ನು ಫ್ರಾನ್ಸಿಗೆ ಕರಕೊಂಡು ಹೋಗಿ, ಪಾಳೆಯಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಹಾಡಿಸತೊಡಗಿದಳು. ಅವಳ ಹಿಂದೆ ಅನೇಕರು ಹೋದರು. ಅವರಲ್ಲಿ ಒಬ್ಬನ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ. ಅವನು ಮಿಕ್ಕವರಿಗಿಂತ ಪ್ರಖ್ಯಾತನಾಗಿದ್ದನೆಂಬದು ನಮ್ಮ ಮುಖ್ಯ ಕಾರಣವಲ್ಲ. ಅವನು ಆ ಸಿಪಾಯಿಗಳನ್ನು ನಗಿಸುವದಕ್ಕೆ ಹೋದಾಗ ಅವನ ಒಬ್ಬನೇ ಮಗನು ಅದೇ ನೆಲದಲ್ಲಿ ಹೂಣಿಡಲ್ಪಟ್ಟು ಅರ್ಧ ವರ್ಷವೂ ತುಂಬಿರಲಿಲ್ಲ. ಅವನ ಹೆಸರು ಹ್ಯಾರಿ ಲಾಡರ್.

ಹ್ಯಾರಿಯು 1870ನೆಯ ಇಸವಿಯ ಆಗಸ್ಟ್ 4ನೆಯ ತಾರೀಖಿನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಪಟ್ಟಣಕ್ಕೆ ಸೇರಿದ ಪೋರ್ಟೊಬೆಲ್ಲೊ ಎಂಬ ಕಡಲತೀರದ ಊರಲ್ಲಿ ಹುಟ್ಟಿದನು. ತಂದೆಯು ಕುಂಬಾರಿಕೆಯ ಕಾರ್ಖಾನೆಯಲ್ಲಿ ದುಡಿಯುವವನು. ಏಳು ಮಂದಿ ಮಕ್ಕಳಲ್ಲಿ ಹ್ಯಾರಿಯೇ ಹಿರಿಯವನು. ಕೆಲಸದ ನಿಮಿತ್ತ ಸಂಸಾರವೆಲ್ಲವು ಇಂಗ್ಲೆಂಡಿನ ಡರ್ಬಿಶೈರ್ ಪ್ರಾಂತಕ್ಕೆ ಹೋಗಿ ನೆಲಸಿದ ಮೇಲೆ, 1882ನೆಯ ಇಸವಿಯಲ್ಲಿ ತಂದೆಯು ಶ್ವಾಸಕೋಶದ ಜ್ವರದಿಂದ ತೀರಿಕೊಂಡನು. ಆಗ ಹ್ಯಾರಿಗೆ ಇನ್ನೂ ಹನ್ನೆರಡು ವರ್ಷ ತುಂಬಿತ್ತೋ ಇಲ್ಲವೋ. ವಿಧವೆಯಾದ ತಾಯಿಯು ಮಕ್ಕಳನ್ನು ಕಟ್ಟಿಕೊಂಡು ಸ್ಕಾಟ್ಲೆಂಡಿನ ಅರ್ಬ್ರೋತ್ ಎಂಬ ಊರಿಗೆ, ತನ್ನ ಬಂಧುಗಳ ಆಸರೆಗೆ ಬಂದಳು.

ತಂದೆಯಿಲ್ಲದ ಮನೆಯಲ್ಲಿ ಹಿರಿಯ ಮಗನಿಗೆ ಆಟದ ದಿವಸಗಳು ಬೇಗನೆ ಮುಗಿಯುವವೆಂಬದನ್ನು ನಮ್ಮ ಹಳ್ಳಿಗಳವರಿಗೆ ತಿಳಿಸುವ ಅವಶ್ಯವಿಲ್ಲ. ಹ್ಯಾರಿಯು ಅಗಸೆನಾರಿನ ಗಿರಣಿಯೊಂದರಲ್ಲಿ ಅರೆಹೊತ್ತಿನ ಆಳಾಗಿ ಸೇರಿದನು. ಆ ಕಾಲದ ಕಾನೂನಿನ ಪ್ರಕಾರ ಬಡಮಕ್ಕಳು ಒಂದು ದಿವಸ ಗಿರಣಿಯಲ್ಲಿ ದುಡಿದು, ಮತ್ತೊಂದು ದಿವಸ ಗಿರಣಿಗೆ ಸೇರಿದ ಶಾಲೆಯಲ್ಲಿ ಕಲಿಯುತ್ತಿದ್ದರು. ಇದೇ ಊರಲ್ಲಿ ಅವನು ಬ್ಯಾಂಡ್ ಆಫ್ ಹೋಪ್ ಎಂಬ, ಮಕ್ಕಳಿಗೆ ಮದ್ಯಪಾನದ ಕೇಡನ್ನು ಕಲಿಸುವ ಸಂಘಕ್ಕೆ ಸೇರಿ, ಅದರ ಕೂಟಗಳಲ್ಲಿ ಹಾಡುತ್ತಾ ಬಂದನು. ಒಂದು ಸಂಗೀತಸ್ಪರ್ಧೆಯಲ್ಲಿ ಗಡಿಯಾರವೊಂದನ್ನು ಬಹುಮಾನವಾಗಿಯೂ ಪಡೆದನು. ಹಾಡು ಎಂಬುದು ಅವನಿಗೆ ಯಾವ ಗುರುವಿನಿಂದಲೂ ಬಂದದ್ದಲ್ಲ. ಅದು ಬಡವರ ನಡುವೆ, ಬಡವರ ಕೂಟದಲ್ಲಿ, ದುಡಿದು ದಣಿದವರ ಮುಖದಲ್ಲಿ ನಗೆಯನ್ನು ಕಾಣಬೇಕೆಂಬ ಆಶೆಯಿಂದ ಬೆಳೆಯಿತು.

ಕೆಲವು ಕಾಲದ ಮೇಲೆ ಸಂಸಾರವು ಹ್ಯಾಮಿಲ್ಟನ್ ಎಂಬ ಊರಿಗೆ ಹೋಯಿತು. ಅದು ಕಲ್ಲಿದ್ದಲ ಗಣಿಗಳ ಪ್ರಾಂತ. ಅಲ್ಲಿ ಹ್ಯಾರಿಯು ಗಣಿಗೆ ಇಳಿದು ಸುಮಾರು ಹತ್ತು ವರ್ಷ ದುಡಿದನು. ಚಳಿಗಾಲದಲ್ಲಿ ಬೆಳಗಾಗುವ ಮೊದಲೇ ಇಳಿದು ಕತ್ತಲಾದ ಮೇಲೆ ಏರುವ ಗಣಿಗಾರನು ಸೂರ್ಯನನ್ನು ನೋಡುವದು ಭಾನುವಾರ ಮಾತ್ರವೇ. ತಲೆಯ ಮೇಲಿನ ಬಂಡೆಯು ಯಾವ ಗಳಿಗೆಯಲ್ಲಿ ಕುಸಿಯುವದೋ, ವಿಷವಾಯುವು ಯಾವ ಗಳಿಗೆಯಲ್ಲಿ ಹೊತ್ತಿಕೊಳ್ಳುವದೋ ಯಾರಿಗೂ ತಿಳಿಯದು. ಅಂಥ ಸ್ಥಳದಲ್ಲಿ ಈ ಯೌವನಸ್ಥನು ಹಾಡುತ್ತಿದ್ದನು, ಜೊತೆಗಾರರು ದನಿಗೂಡಿಸುತ್ತಿದ್ದರು. ನೆಲದ ಕೆಳಗೆ, ಮರಣದ ಭಯದಲ್ಲಿ ದುಡಿಯುವವರ ಹೃದಯವು ಹಾಡಿನಿಂದ ಹಗುರವಾಗುವದನ್ನು ಅವನು ಹೀಗೆ ಚಿಕ್ಕಂದಿನಲ್ಲಿಯೇ ಕಂಡನು. ಮುಂದೆ ಕಂದಕಗಳಲ್ಲಿ ಅವನಿಗೆ ಬೇಕಾದ ಪಾಠವನ್ನು ಗಣಿಯೇ ಕಲಿಸಿತೆಂದು ಹೇಳಬಹುದು.

1891ನೆಯ ಇಸವಿಯಲ್ಲಿ ಹ್ಯಾರಿಯು ಆನ್ ವ್ಯಾಲನ್ಸ್ ಎಂಬ ಕನ್ಯೆಯನ್ನು ಮದುವೆಯಾದನು. ಅವಳನ್ನು ಎಲ್ಲರೂ ನ್ಯಾನ್ಸ್ ಎಂದು ಕರೆಯುತ್ತಿದ್ದರು. ಅದೇ ವರ್ಷ ಅವರಿಗೆ ಜಾನ್ ಎಂಬ ಮಗನು ಹುಟ್ಟಿದನು. ಅವನ ತರುವಾಯ ಅವರಿಗೆ ಬೇರೆ ಮಕ್ಕಳಾಗಲಿಲ್ಲ. ಹ್ಯಾರಿಯು ಹಗಲಲ್ಲಿ ಗಣಿಯಲ್ಲಿ ದುಡಿದು, ರಾತ್ರಿಯಲ್ಲಿ ಸುತ್ತಲಿನ ಊರುಗಳ ಕೂಟಗಳಲ್ಲಿ ಹಾಡುತ್ತಿದ್ದನು. ಲಾರ್ಕ್‌ಹಾಲ್ ಎಂಬ ಊರಲ್ಲಿ ಅವನು ಹಾಡಿದ್ದಕ್ಕೆ ಮೊದಲ ಸಂಬಳವಾಗಿ ಐದು ಶಿಲಿಂಗು ದೊರಕಿತು. ಕ್ರಮೇಣ ಹಾಡಿನ ಸಂಪಾದನೆಯು ಗಣಿಯ ಕೂಲಿಯನ್ನು ಮೀರಿದ ಮೇಲೆ ಅವನು ಗಣಿಯನ್ನು ಬಿಟ್ಟನು.

1900ನೆಯ ಇಸವಿಯಲ್ಲಿ ಅವನು ಯಾರ ಆಹ್ವಾನವೂ ಇಲ್ಲದೆ ಲಂಡನ್ ಪಟ್ಟಣಕ್ಕೆ ಹೋಗಿ, ಒಂದೊಂದೇ ನಾಟಕಶಾಲೆಯ ಬಾಗಿಲನ್ನು ತಟ್ಟಿದನು. ಕಡೆಗೆ ಒಂದು ಕಡೆಯಲ್ಲಿ ಹಾಡುವದಕ್ಕೆ ಸಮಯ ಸಿಕ್ಕಿತು. ಜನರು ಅವನನ್ನು ಬಿಡಲೊಲ್ಲದೆ ಮತ್ತೆ ಮತ್ತೆ ಹಾಡಿಸಿದರು. ಅಂದಿನಿಂದ ಅವನ ಏಳಿಗೆಯು ಬೇಗನೆ ಆಯಿತು. ಕಿಲ್ಟ್ ಎಂಬ ಚೌಕಳಿಯ ನೆರಿಗೆಯುಡುಪನ್ನು ಮೊಣಕಾಲಿನ ವರೆಗೆ ಉಟ್ಟು, ಸೊಟ್ಟಸೊಟ್ಟಾದ ಕೋಲನ್ನು ಹಿಡಿದು, ಕುಳ್ಳಾದ ದೃಢವಾದ ಶರೀರದಿಂದ ಅವನು ರಂಗಕ್ಕೆ ಬಂದ ಕೂಡಲೇ ಜನರು ನಗುತ್ತಿದ್ದರು. ಹಾಡಿನ ನಡುವೆ ನಿಲ್ಲಿಸಿ ನೆರೆಯವರೊಡನೆ ಮಾತಾಡುವಂತೆ ಮಾತಾಡುವನು. ಮತ್ತೆ ಹಾಡಿಗೆ ತಿರುಗಿ, ಪಲ್ಲವಿಯನ್ನು ಎಲ್ಲರಿಂದಲೂ ಹಾಡಿಸುವನು. ಅವನ ಹಾಡುಗಳು ಬಹಳ ಸಾದಾ ಹಾಡುಗಳು. ಹಳ್ಳಿಯ ಹುಡುಗಿಯ ಮೇಲಿನ ಪ್ರೀತಿ, ಮುಚ್ಚಂಜೆಯ ಹೊತ್ತಿನಲ್ಲಿ ನದೀತೀರದ ತಿರುಗಾಟ, ಮನೆಯ ಒಲೆಯ ಮುಂದಿನ ಸುಖ, ಇವೇ ಅವುಗಳ ವಿಷಯ. ಹಲವನ್ನು ಅವನು ತಾನೇ ಕಟ್ಟಿದನು.

1907ನೆಯ ಇಸವಿಯಲ್ಲಿ ಅಮೇರಿಕಕ್ಕೆ ಹೋದನು. 1908ನೆಯ ಇಸವಿಯಲ್ಲಿ ಏಳನೆಯ ಎಡ್ವರ್ಡ್ ಅರಸನ ಮುಂದೆಯೂ 1912ನೆಯ ಇಸವಿಯಲ್ಲಿ ಐದನೆಯ ಜಾರ್ಜ್ ಅರಸನ ಮುಂದೆಯೂ ಹಾಡಿದನು. ಗ್ರಾಮಫೋನ್ ತಟ್ಟೆಗಳ ಮೂಲಕ ಅವನ ಧ್ವನಿಯು ಅವನು ಕಾಲಿಡದ ಮನೆಗಳಿಗೂ ಮುಟ್ಟಿತು. ಸ್ಕಾಟ್ಲೆಂಡಿನವರು ಜಿಪುಣರೆಂಬ ಹಾಸ್ಯವನ್ನು ಅವನು ತನ್ನ ಮೇಲೆಯೇ ಹಾಕಿಕೊಂಡು ಹಣಕ್ಕೆ ಗಂಟುಬಿದ್ದವನಂತೆ ರಂಗದಲ್ಲಿ ನಟಿಸುತ್ತಿದ್ದನು. ಇದರಿಂದ ಅನೇಕರು ಅವನು ನಿಜವಾಗಿಯೂ ಕೈಬಿಗಿಯವನೆಂದು ನೆನಸಿದರು. ಮುಂದಿನ ಸಂಗತಿಗಳು ಬೇರೊಂದನ್ನು ತೋರಿಸುವವು.

ತನಗೆ ದೊರಕದ ವಿದ್ಯೆಯು ಮಗನಿಗೆ ದೊರಕಬೇಕೆಂಬದೇ ತಂದೆಯ ದೊಡ್ಡ ಆಶೆಯಾಗಿತ್ತು. ಜಾನನು ಕೇಂಬ್ರಿಜ್ ವಿಶ್ವವಿದ್ಯಾಲಯದ ಜೀಸಸ್ ಕಾಲೇಜಿನಲ್ಲಿ ಓದಿ ಪದವಿಯನ್ನು ಪಡೆದನು. ಪಿಯಾನೊ ವಾದ್ಯವನ್ನು ಚೆನ್ನಾಗಿ ಬಾರಿಸುತ್ತಿದ್ದನು. ಅರ್ಗೈಲ್ ಮತ್ತು ಸದರ್ಲೆಂಡ್ ಹೈಲೆಂಡರ್ಸ್ ಎಂಬ ಪಡೆಯ ಎಂಟನೆಯ ದಳದಲ್ಲಿ ಅಧಿಕಾರಿಯೂ ಆಗಿದ್ದನು. ಇದು ಶಾಂತಿಯ ಕಾಲದಲ್ಲಿ ತಂತಮ್ಮ ಕೆಲಸ ನೋಡಿಕೊಂಡು, ಕರೆ ಬಂದಾಗ ಕೂಡತಕ್ಕ ದಳ. 1914ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ತಂದೆತಾಯಿಗಳು ಆಸ್ಟ್ರೇಲಿಯದ ಮೆಲ್ಬರ್ನ್ ಪಟ್ಟಣದಲ್ಲಿದ್ದರು, ಮಗನೂ ಅಲ್ಲಿ ಅವರನ್ನು ಕೂಡಿಕೊಂಡಿದ್ದನು. ಬ್ರಿಟನ್ ಯುದ್ಧಕ್ಕೆ ಇಳಿದದ್ದು ಹ್ಯಾರಿಯ ಹುಟ್ಟಿದ ದಿವಸದಲ್ಲಿಯೇ. ಜಾನನಿಗೆ ತಂತಿಯ ಮೂಲಕ ಕರೆ ಬಂತು, ಅವನು ಕೂಡಲೇ ಹಡಗು ಹತ್ತಿದನು.

ಹ್ಯಾರಿಯು ಸ್ವದೇಶಕ್ಕೆ ಹಿಂತಿರುಗಿದ ಮೇಲೆ ಸುಮ್ಮನೆ ಕೂಡಲಿಲ್ಲ. ಬ್ಯಾಗ್‌ಪೈಪ್ ಎಂಬ ತೊಗಲಚೀಲದ ವಾದ್ಯವನ್ನು ಬಾರಿಸುವವರ ಮೇಳವೊಂದನ್ನು ಸ್ವಂತ ಖರ್ಚಿನಿಂದ ಕೂಡಿಸಿ, ಊರೂರಿಗೆ ಕಳುಹಿಸಿ, ಯೌವನಸ್ಥರನ್ನು ಸೈನ್ಯಕ್ಕೆ ಕರೆದನು. ಗಾಯಪಟ್ಟವರ ಆಸ್ಪತ್ರೆಗಳಿಗೆ ಹೋಗಿ ಹಾಡಿದನು. ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಅವನ ಮಾತನ್ನೂ ಮೇಳವನ್ನೂ ಕೇಳಿ ಎಷ್ಟೋ ತಾಯಂದಿರ ಮಕ್ಕಳು ಹೆಸರು ಬರೆಯಿಸಿದರು. ಅವರಲ್ಲಿ ಹಿಂತಿರುಗಿ ಬಾರದವರೂ ಇದ್ದರು. ಇನ್ನೊಬ್ಬರ ಮಗನನ್ನು ಮರಣದ ಬಾಗಿಲಿಗೆ ಕರೆಯುವದು ಚಿಕ್ಕ ಕೆಲಸವಲ್ಲ. ಅದರ ಭಾರವೆಷ್ಟೆಂಬದನ್ನು ಅವನು ಪೂರ್ಣವಾಗಿ ಅರಿತುಕೊಳ್ಳುವ ದಿವಸವು ಬರುವದಕ್ಕಿತ್ತು.

ಜಾನನು ಗಾಯದಿಂದಲೂ ರೋಗದಿಂದಲೂ ಮನೆಗೆ ಕಳುಹಿಸಲ್ಪಟ್ಟು, ಗುಣವಾದ ಮೇಲೆ ತಿರುಗಿ ಫ್ರಾನ್ಸಿಗೆ ಹೋದನು. ಅವನು ಕ್ಯಾಪ್ಟನ್ ಪದವಿಗೆ ಏರಿದ್ದನು. ಒಬ್ಬ ಕನ್ಯೆಯೊಡನೆ ಅವನ ನಿಶ್ಚಿತಾರ್ಥವೂ ಆಗಿತ್ತು. 1916ನೆಯ ಇಸವಿಯ ಕಡೆಯಲ್ಲಿ ಹ್ಯಾರಿಯು ಲಂಡನಿನ ಶಾಫ್ಟ್ಸ್‌ಬರಿ ನಾಟಕಶಾಲೆಯಲ್ಲಿ ಹಾಡುತ್ತಿದ್ದನು. 1917ನೆಯ ಇಸವಿಯ ಜನವರಿ 1ನೆಯ ತಾರೀಖಿನಲ್ಲಿ, ಹೊಸ ವರುಷದ ದಿವಸ, ಅವನಿಗೆ ತಂತಿಯು ಬಂತು. ಡಿಸೆಂಬರ್ 28ನೆಯ ತಾರೀಖಿನಲ್ಲಿ ಜಾನನು ಫ್ರಾನ್ಸಿನ ಸೊಮ್ ಪ್ರಾಂತದಲ್ಲಿ ಹತನಾಗಿದ್ದನು. ಅವನ ಪ್ರಾಯವು ಇಪ್ಪತ್ತೈದು.

ಆ ಮನೆಯ ದುಃಖವನ್ನು ವರ್ಣಿಸಲಾರೆವು. ಇನ್ನು ತಾನು ಎಂದಿಗೂ ಹಾಡಲಾರೆನೆಂದು ಹ್ಯಾರಿಯು ನೆನಸಿದನು. ನಾಟಕಶಾಲೆಯು ಮುಚ್ಚಲ್ಪಟ್ಟಿತು. ಆದರೆ ಆ ಆಟವನ್ನು ನಂಬಿ ಹೊಟ್ಟೆ ಹೊರೆಯುವ ಅನೇಕ ಕೆಲಸದವರು ಇದ್ದರು; ಅವನು ಹಾಡದಿದ್ದರೆ ಅವರಿಗೆ ಕೂಲಿಯಿಲ್ಲ. ಮತ್ತು ಜಾನನು ಸಾಯುವಾಗ ತನ್ನ ಆಳುಗಳಿಗೆ ಕೆಲಸವನ್ನು ನಿಲ್ಲಿಸದೆ ನಡಿಸಬೇಕೆಂದು ಹೇಳಿದನೆಂಬದು ಅವನ ಜೊತೆಗಾರರಿಂದ ತನಗೆ ತಿಳಿದುಬಂತೆಂದು ಹ್ಯಾರಿಯು ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಈ ಮಾತು ತಂದೆಯ ಹೃದಯದಲ್ಲಿ ನಾಟಿತು.

ನಮ್ಮ ಸಭೆಗಳವರಿಗೆ ಅರಸನಾದ ದಾವೀದನ ಚರಿತ್ರೆಯು ತಿಳಿದೇ ಇದೆ. ಅಬ್ಷಾಲೋಮನು ಸತ್ತ ಸುದ್ದಿ ಬಂದಾಗ ದಾವೀದನು ಬಾಗಿಲಿನ ಮೇಲಿನ ಕೋಣೆಗೆ ಹೋಗಿ ಗೋಳಾಡಿದನು. ಅರಸನು ಅಳುತ್ತಾನೆಂದು ಕೇಳಿ, ಅವನಿಗೋಸ್ಕರ ಯುದ್ಧಮಾಡಿ ಗೆದ್ದ ಜನರು ಸೋತು ಓಡಿಬಂದವರ ಹಾಗೆ ನಾಚಿಕೊಂಡು ಕಳ್ಳತನದಿಂದ ಪಟ್ಟಣವನ್ನು ಸೇರಿದರು. ಒಬ್ಬ ತಂದೆಯ ಕಣ್ಣೀರು ಇಡೀ ಸೈನ್ಯದ ಎದೆಯನ್ನು ಕುಗ್ಗಿಸಿತು. ಆಮೇಲೆ ಯೋವಾಬನ ಕಠಿಣವಾದ ಬುದ್ಧಿಮಾತಿನಿಂದ ದಾವೀದನು ಎದ್ದು ಊರಬಾಗಿಲಲ್ಲಿ ಕೂತನು, ಜನರು ಅವನ ಮುಂದೆ ಬಂದರು. ದಾವೀದನ ದುಃಖವು ಆ ದಿವಸ ಮುಗಿಯಿತೋ? ಇಲ್ಲ. ಅವನು ಅದನ್ನು ಹೊತ್ತುಕೊಂಡೇ ಬಾಗಿಲಲ್ಲಿ ಕೂತನು. ಹ್ಯಾರಿ ಲಾಡರನು ಕೆಲವೇ ದಿವಸಗಳಲ್ಲಿ ತಿರುಗಿ ರಂಗಕ್ಕೆ ಹೋದದ್ದನ್ನು ನಾವು ಹೀಗೆಯೇ ತಿಳುಕೊಳ್ಳಬೇಕು. ಅವನು ಕಲ್ಲೆದೆಯವನಾಗಿದ್ದದರಿಂದ ಹಾಡಲಿಲ್ಲ. ಆ ಆಟದ ಹಾಡೊಂದರಲ್ಲಿ ಹೋರಾಡಿ ಗೆದ್ದ ಹುಡುಗರು ಹಿಂತಿರುಗಿ ಬರುವ ದಿವಸದ ಮಾತಿತ್ತು. ತನ್ನ ಹುಡುಗನು ಬರಲಾರನೆಂದು ತಿಳಿದವನು ಅದನ್ನು ಮಿಕ್ಕ ತಂದೆತಾಯಿಗಳಿಗೋಸ್ಕರ ಹಾಡಿ ಮುಗಿಸಿದನು. ಕೇಳುವವರಲ್ಲಿ ರಜೆಯ ಮೇಲೆ ಬಂದ ಸಿಪಾಯಿಗಳೂ ಇದ್ದರು.

ಬಳಿಕ ಅವನು ಸರಕಾರದವರ ಬಳಿಗೆ ಹೋಗಿ, ತನ್ನನ್ನು ಸಾಮಾನ್ಯ ಸಿಪಾಯಿಯಾಗಿ ಸೇರಿಸಿಕೊಳ್ಳಬೇಕೆಂದು ಬೇಡಿಕೊಂಡನು. ಅವನಿಗೆ ನಾಲ್ವತ್ತಾರು ವರ್ಷವಾಗಿದ್ದದರಿಂದ ಅವರು ಒಪ್ಪಲಿಲ್ಲ. ಹಾಗಾದರೆ ಕಂದಕಗಳ ಸಮೀಪದಲ್ಲಿರುವ ಸಿಪಾಯಿಗಳಿಗೆ ಹಾಡುವದಕ್ಕಾದರೂ ಅಪ್ಪಣೆ ಬೇಕೆಂದು ಕೇಳಿದನು. ಬಹಳ ಹಿಂದೆ ಇರುವ ಪಾಳೆಯಗಳಲ್ಲಿ ಹಾಡುವವರು ಅನೇಕರಿದ್ದರು. ಫಿರಂಗಿಯ ಗುಂಡು ಬೀಳುವಷ್ಟು ಹತ್ತಿರಕ್ಕೆ ಅಂಥ ಪ್ರಖ್ಯಾತನನ್ನು ಬಿಡುವದಕ್ಕೆ ಅಧಿಕಾರಿಗಳು ಮೊದಲು ಅನುಮಾನಿಸಿದರೂ ಕಡೆಗೆ ಅಪ್ಪಣೆ ಕೊಟ್ಟರು.

1917ನೆಯ ಇಸವಿಯ ಜೂನ್ ತಿಂಗಳಲ್ಲಿ ಅವನು ಸಮುದ್ರವನ್ನು ದಾಟಿ ಫ್ರಾನ್ಸಿನ ಬುಲೋನ್ ರೇವಿಗೆ ಮುಟ್ಟಿದನು. ಅವನ ಸಂಗಡ ಪಾರ್ಲಿಮೆಂಟಿನ ಸದಸ್ಯನಾದ ಜೇಮ್ಸ್ ಹಾಗ್ ಎಂಬವನೂ ಜಾರ್ಜ್ ಆ್ಯಡಮ್ ಎಂಬ ಬೋಧಕನೂ ಇದ್ದರು. ಒಬ್ಬ ಗಾಯಕ, ಒಬ್ಬ ಪಾದ್ರಿ, ಒಬ್ಬ ಪಾರ್ಲಿಮೆಂಟಿನವ ಹೀಗೆ ಮೂವರು ಕೂಡಿದ್ದರಿಂದ, ಆ ಮೂರು ಬಿರುದುಗಳನ್ನೂ ಹ್ಯಾರಿ ಲಾಡರನೊಬ್ಬನಿಗೇ ಅಂಟಿಸಿ ಆ ಸಂಚಾರಕ್ಕೆ ತಮಾಷೆಯ ಹೆಸರನ್ನಿಟ್ಟುಕೊಂಡರು. ಅವನು ತನಗಾಗಿ ಐದು ಸಪ್ತಕಗಳ ಪುಟ್ಟ ಪಿಯಾನೊ ಒಂದನ್ನು ಮಾಡಿಸಿದ್ದನು. ಅದನ್ನು ಮೋಟಾರುಗಾಡಿಗೆ ಬಿಗಿದು, ಎಲ್ಲಿ ಬೇಕಾದರೂ ಇಳಿಸಿ ಬಾರಿಸಬಹುದಾಗಿತ್ತು. ಅದಕ್ಕೆ ಟಿಂಕಲ್ ಟಾಮ್ ಎಂದು ಅಡ್ಡಹೆಸರು. ಸಿಪಾಯಿಗಳಿಗೆ ಹಂಚುವದಕ್ಕಾಗಿ ಸಿಗರೇಟುಗಳನ್ನೂ ಪೆಟ್ಟಿಗೆಗಟ್ಟಳೆ ತಕ್ಕೊಂಡು ಹೋದನು.

ಮೊದಲು ಬುಲೋನಿನ ಆಸ್ಪತ್ರೆಯಲ್ಲಿ ಹಾಡಿದನು. ತರುವಾಯ ಆ್ಯರಾಸ್ ಪಟ್ಟಣ, ವಿಮಿ ಎಂಬ ಗುಡ್ಡ, ಆಲ್ಬರ್ಟ್ ಪಟ್ಟಣ ಮುಂತಾದ, ಆಗ ಎಲ್ಲರ ಬಾಯಲ್ಲಿದ್ದ ಯುದ್ಧಸ್ಥಳಗಳಿಗೆ ಹೋದನು. ತಲೆಗೆ ಉಕ್ಕಿನ ಟೊಪ್ಪಿ, ಹೆಗಲಿಗೆ ವಿಷವಾಯುವನ್ನು ತಡೆಯುವ ಮುಖವಾಡ, ಸೊಂಟಕ್ಕೆ ಯಥಾಪ್ರಕಾರ ಕಿಲ್ಟ್. ರಂಗವಿಲ್ಲ, ಪರದೆಯಿಲ್ಲ, ದೀಪವಿಲ್ಲ. ದಾರಿಯಲ್ಲಿ ನಡೆದುಹೋಗುವ ಒಂದು ದಳವನ್ನು ಕಂಡರೆ ಗಾಡಿಯನ್ನು ನಿಲ್ಲಿಸಿ, ಪಿಯಾನೊವನ್ನು ಇಳಿಸಿ, ಅಲ್ಲಿಯೇ ಹಾಡುವನು. ಬೆನ್ನುಹೊರೆಯನ್ನು ಇಳಿಸಿ ಹಾದಿಯ ಬದಿಯಲ್ಲಿ ಕೂತ ಸಿಪಾಯಿಗಳು ಅವನ ಸುತ್ತಲೂ ಸೇರುವರು. ಒಂದೇ ದಿವಸದಲ್ಲಿ ಅನೇಕ ಕಡೆಗಳಲ್ಲಿ ಹಾಡಬೇಕಾಗುತ್ತಿತ್ತು.

ಈ ಹಾಡಿನಿಂದ ಆದದ್ದೇನು? ಅವನು ಅವರಿಗೆ ಯುದ್ಧದ ಹಾಡುಗಳನ್ನೇ ಹೆಚ್ಚಾಗಿ ಹಾಡಿದನೆಂದು ನೀವು ನೆನಸಬಹುದು. ಹಾಗಲ್ಲ. ಅವರು ಅವನಿಂದ ಕೇಳಬೇಕೆಂದಿದ್ದದ್ದು ತಾವು ಮನೆಯಲ್ಲಿದ್ದಾಗ ಕೇಳಿದ ಹಳೆಯ ಹಾಡುಗಳನ್ನೇ: ಹಳ್ಳಿಯ ಹುಡುಗಿಯ ಹಾಡು, ಮುಚ್ಚಂಜೆಯ ಹಾಡು. ಫಿರಂಗಿಯ ಶಬ್ದವನ್ನು ಹಗಲಿರುಳು ಕೇಳುವವನಿಗೆ ಫಿರಂಗಿಯ ಹಾಡು ಏಕೆ? ಮನೆಯ ಹಾಡನ್ನು ಕೇಳಿದಾಗ ಅವನಿಗೆ ತನ್ನ ತಾಯಿಯ ಮುಖವೂ ಊರಿನ ಹೊಳೆಯೂ ಕಣ್ಣಮುಂದೆ ಬರುವವು. ತಾನು ಬರೇ ಸಂಖ್ಯೆಯಲ್ಲ, ಯಾರಿಗೋ ಬೇಕಾದವನೆಂದು ಅವನು ಪುನಃ ತಿಳುಕೊಳ್ಳುವನು. ಇನ್ನೊಂದು ಸಂಗತಿಯೂ ಉಂಟು. ಹೆದರಿಕೆಯು ಮನುಷ್ಯನನ್ನು ಒಂಟಿಯಾಗಿ ಮಾಡುತ್ತದೆ. ನೂರು ಮಂದಿಯ ನಡುವೆ ಇದ್ದರೂ ಹೆದರಿದವನು ಒಂಟಿಯೇ. ಪಲ್ಲವಿಯನ್ನು ಎಲ್ಲರೂ ಒಂದೇ ಉಸಿರಿನಲ್ಲಿ ಹಾಡುವಾಗ ಆ ಒಂಟಿತನವು ಕರಗಿಹೋಗುವದು. ಗಣಿಯಲ್ಲಿ ಕಲಿತ ಈ ವಿದ್ಯೆಯನ್ನು ಹ್ಯಾರಿಯು ಕಂದಕದ ಬಳಿಯಲ್ಲಿ ನಡಿಸಿದನು. ಇದಲ್ಲದೆ ಅವನ ಮಗನು ಸತ್ತ ಸಂಗತಿಯು ಸೈನ್ಯದಲ್ಲಿ ತಿಳಿಯದ್ದಾಗಿರಲಿಲ್ಲ. ತಮ್ಮನ್ನು ನಗಿಸುವದಕ್ಕೆ ನಿಂತವನು ತಮ್ಮಷ್ಟೇ, ಒಂದು ವೇಳೆ ತಮಗಿಂತಲೂ ಹೆಚ್ಚಾಗಿ ಕಳಕೊಂಡವನೆಂದು ತಿಳಿದವರ ಕಿವಿಯಲ್ಲಿ ಆ ನಗೆಯು ಬೇರೆಯಾಗಿ ಬೀಳದೆ ಇರದು. ಸುಖವಾಗಿರುವವನು ಧೈರ್ಯ ಹೇಳಿದರೆ ದುಃಖಿಯು ಮರ್ಯಾದೆಗಾಗಿ ಕೇಳುವನು. ಗಾಯಪಟ್ಟವನು ಹೇಳಿದರೆ ನಂಬುವನು.

ಆ ಸಂಚಾರದಲ್ಲಿಯೇ ಹ್ಯಾರಿಯನ್ನು ಓವಿಲ್ಲೆರ್ ಎಂಬ ಹಳ್ಳಿಯ ಬಳಿಯಲ್ಲಿರುವ ಸೈನಿಕರ ಸ್ಮಶಾನಕ್ಕೆ ಕರಕೊಂಡು ಹೋದರು. ಸುತ್ತಲಿನ ಊರುಗಳೆಲ್ಲ ಮಣ್ಣಾಗಿ ಹೋಗಿದ್ದವು. ಬಿಳಿಯ ಶಿಲುಬೆಗಳ ಸಾಲಿನಲ್ಲಿ ಒಂದರ ಮೇಲೆ ಜಾನನ ಹೆಸರಿತ್ತು. ಸಂಗಡ ಬಂದವರು ದೂರದಲ್ಲಿಯೇ ನಿಂತರು. ತಂದೆಯು ಒಬ್ಬನೇ ಮುಂದಕ್ಕೆ ಹೋಗಿ ಆ ಸಮಾಧಿಯ ಮಣ್ಣಿನ ಮೇಲೆ ಬೋರಲಾಗಿ ಬಿದ್ದು ಬಹಳ ಹೊತ್ತು ಹಾಗೆಯೇ ಇದ್ದನು. ಮಗನ ಬಾಲ್ಯದ ದಿವಸಗಳೆಲ್ಲವು ಅವನ ಕಣ್ಣಮುಂದೆ ಹಾದುಹೋದವು. ಆಮೇಲೆ ಅವನು ಎದ್ದನು. ಸಂಚಾರವು ಅಲ್ಲಿಗೆ ನಿಲ್ಲಲಿಲ್ಲ. ಹಾಡಬೇಕಾದ ಸ್ಥಳಗಳು ಇನ್ನೂ ಇದ್ದವು, ಅವನು ಹಾಡಿದನು.

ಸ್ವದೇಶಕ್ಕೆ ಬಂದ ಮೇಲೆ ಅವನು ಕೈಕಾಲುಗಳನ್ನು ಕಳಕೊಂಡ ಸ್ಕಾಟ್ಲೆಂಡಿನ ಸಿಪಾಯಿಗಳಿಗೂ ನಾವಿಕರಿಗೂ ಸಹಾಯಮಾಡುವ ಒಂದು ನಿಧಿಗಾಗಿ ದುಡಿದನು. ಹತ್ತು ಲಕ್ಷ ಪೌಂಡುಗಳನ್ನು ಕೂಡಿಸಬೇಕೆಂಬದು ಅವನ ಗುರಿಯಾಗಿತ್ತು. ಮನೆಗೆ ಬಂದ ಅಂಗಹೀನನು ಭಿಕ್ಷೆಗೆ ಇಳಿಯದೆ ತನ್ನದೇ ಒಂದು ಅಂಗಡಿಯನ್ನೋ ಕಸುಬನ್ನೋ ಹಿಡಿದು ಮಾನದಿಂದ ಬದುಕಬೇಕೆಂಬದು ಆ ನಿಧಿಯ ಉದ್ದೇಶ. ರಂಗದ ಮೇಲೆ ಒಂದೊಂದು ಕಾಸನ್ನೂ ಬಿಗಿಹಿಡಿದು ನಗಿಸಿದವನು ಬೇರೆಯವರಿಗೋಸ್ಕರ ಬಾಗಿಲಿಂದ ಬಾಗಿಲಿಗೆ ಕೈಚಾಚಿದನು. 1917ನೆಯ ಇಸವಿಯ ಕೊನೆಯಲ್ಲಿ ಅಮೇರಿಕಕ್ಕೆ ಹೋಗಿ, ಆ ವರ್ಷವೇ ಯುದ್ಧಕ್ಕೆ ಸೇರಿದ್ದ ಆ ದೇಶದ ಪಾಳೆಯಗಳಲ್ಲಿಯೂ ಹಾಡಿದನು. 1918ನೆಯ ಇಸವಿಯಲ್ಲಿ ತನ್ನ ಫ್ರಾನ್ಸಿನ ಸಂಚಾರದ ವೃತ್ತಾಂತವನ್ನು ಪುಸ್ತಕವಾಗಿ ಪ್ರಕಟಿಸಿದನು. 1919ನೆಯ ಇಸವಿಯಲ್ಲಿ ಅರಸನು ಅವನಿಗೆ ಸರ್ ಎಂಬ ಬಿರುದನ್ನು ಕೊಟ್ಟನು.

ಆ ಪುಸ್ತಕದ ವಿಷಯದಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಮಗನ ಮೇಲಿನ ಪ್ರೀತಿಯೂ ದೇವರಲ್ಲಿಯ ನಂಬಿಕೆಯೂ, ಮಗನನ್ನು ಪರಲೋಕದಲ್ಲಿ ತಿರುಗಿ ಕಾಣುವೆನೆಂಬ ನಿರೀಕ್ಷೆಯೂ ಅದರಲ್ಲಿ ತುಂಬಿವೆ. ಅದರೊಡನೆ ಶತ್ರುಜನಾಂಗದ ಮೇಲಿನ ಕಡುಕೋಪವೂ ಇದೆ. ಮಗನನ್ನು ಕೊಂದವರನ್ನು ಕ್ಷಮಿಸುವ ಮನಸ್ಸು ಆಗ ಅವನಿಗೆ ಬರಲಿಲ್ಲ. ಆ ಗಾಯವು ಹಸಿಯಾಗಿದ್ದಾಗ ಬರೆದದ್ದೆಂದು ನೆನಸಿ ನಾವು ಅವನ ಮೇಲೆ ಕಲ್ಲೆತ್ತದಿರೋಣ. ಆದರೂ ಅದೇ ಸಮಯದಲ್ಲಿ ಕಂದಕದ ಆಚೆಯ ಕಡೆಯಲ್ಲಿಯೂ ಮಗನಿಗಾಗಿ ಅಳುವ ತಂದೆಗಳಿದ್ದರೆಂಬದನ್ನು ಮರೆಯದಿರೋಣ. ಹಾಡು ಹೆದರಿದವನಿಗೆ ಧೈರ್ಯವನ್ನು ಕೊಡಬಲ್ಲದು, ಒಂಟಿಯಾದವನಿಗೆ ಜೊತೆಯನ್ನು ಕೊಡಬಲ್ಲದು. ವೈರವನ್ನು ಕಿತ್ತುಹಾಕುವ ಕೆಲಸವು ಅದಕ್ಕಿಂತ ದೊಡ್ಡದು.

ಯುದ್ಧಾನಂತರ ಹ್ಯಾರಿ ಲಾಡರನು ಮತ್ತೆ ಲೋಕವನ್ನೆಲ್ಲ ಸುತ್ತಿ ಹಾಡಿದನು. ಆ ವರ್ಷಗಳಲ್ಲಿ ಅವನು ಕಟ್ಟಿದ ಒಂದು ಹಾಡು ಮಿಕ್ಕವುಗಳಂತೆ ಹಾಸ್ಯದ್ದಲ್ಲ. ದಾರಿಯು ಎಷ್ಟು ಉದ್ದವಾದರೂ ಕೊನೆಯ ತನಕ ನಡೆಯಬೇಕೆಂಬದೇ ಅದರ ತಾತ್ಪರ್ಯ. ಅದು ಜಾನನ ಮರಣದ ದುಃಖದೊಳಗಿಂದ ಬಂದದ್ದೆಂದು ಜನರು ತಿಳುಕೊಂಡರು. ಸ್ಕಾಟ್ಲೆಂಡಿನ ಗ್ಲೆನ್‌ಬ್ರಾಂಟರ್ ಎಂಬಲ್ಲಿ ಅವನು ಮಗನ ನೆನಪಿಗಾಗಿ ಸ್ತಂಭವೊಂದನ್ನು ನಿಲ್ಲಿಸಿದನು. 1927ನೆಯ ಇಸವಿಯಲ್ಲಿ ಹೆಂಡತಿಯಾದ ನ್ಯಾನ್ಸಳು ತೀರಿಕೊಂಡು, ಮಗನ ಸ್ಮಾರಕದ ಬಳಿಯಲ್ಲಿಯೇ ಹೂಣಿಡಲ್ಪಟ್ಟಳು. ಮೂವತ್ತಾರು ವರ್ಷ ಸುಖದುಃಖಗಳಲ್ಲಿ ಜೊತೆಯಾಗಿದ್ದವಳು ಹೋದ ಮೇಲೆ ಅವನ ಮನೆಯನ್ನು ಅವನ ಸಹೋದರನ ಮಗಳು ನೋಡಿಕೊಂಡಳು.

1930ರ ನಂತರದ ವರ್ಷಗಳಲ್ಲಿ ಅವನು ರಂಗದಿಂದ ನಿವೃತ್ತನಾಗಿ ಸ್ಟ್ರೇವನ್ ಎಂಬ ಊರಲ್ಲಿ ನೆಲಸಿದ್ದನು. ಅಷ್ಟರಲ್ಲಿ 1939ನೆಯ ಇಸವಿಯಲ್ಲಿ ಎರಡನೆಯ ಮಹಾಯುದ್ಧವು ಪ್ರಾರಂಭವಾಯಿತು. ಆಗ ಅವನಿಗೆ ಅರುವತ್ತೊಂಬತ್ತು ವರ್ಷ. ವಯಸ್ಸಾಯಿತೆಂದು ಮನೆಯಲ್ಲಿ ಕೂತಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಅವನು ಹಳೆಯ ಕಿಲ್ಟನ್ನು ಉಟ್ಟು, ಹಳೆಯ ಸೊಟ್ಟ ಕೋಲನ್ನು ಹಿಡಿದು ಪುನಃ ಸಿಪಾಯಿಗಳ ಮುಂದೆ ಹಾಡಿದನು. ರೇಡಿಯೋದಲ್ಲಿಯೂ ಹಾಡಿದನು. 1917ರಲ್ಲಿ ಅವನ ಹಾಡನ್ನು ಕೇಳಿದವರ ಮಕ್ಕಳು ಈಗ ಸೈನ್ಯದಲ್ಲಿ ಸೇರುವಷ್ಟು ದೊಡ್ಡವರಾಗಿದ್ದರು. 1950ನೆಯ ಇಸವಿಯ ಫೆಬ್ರವರಿ 26ನೆಯ ತಾರೀಖಿನಲ್ಲಿ, ತನ್ನ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಅವನು ತನ್ನ ಮನೆಯಲ್ಲಿ ಕಣ್ಣುಮುಚ್ಚಿದನು. ತಾನು ಹುಡುಗನಾಗಿ ಗಣಿಗೆ ಇಳಿದ ಆ ಹ್ಯಾಮಿಲ್ಟನಿನಲ್ಲಿಯೇ ಅವನ ಶವವನ್ನು ಹೂಣಿಟ್ಟರು.

ಪ್ರಿಯ ವಾಚಕರೇ, ನಮ್ಮಲ್ಲಿ ಯಾರೂ ಅರಸರ ಮುಂದೆ ಹಾಡುವವರಲ್ಲ. ಆದರೆ ಮಗನನ್ನೋ ಮಗಳನ್ನೋ ಕಳಕೊಂಡ ಮನೆಗಳು ನಮ್ಮ ಪ್ರತಿಯೊಂದು ಹಳ್ಳಿಯಲ್ಲಿಯೂ ಇವೆ. ದುಃಖಪಟ್ಟವನು ಬಾಗಿಲನ್ನು ಮುಚ್ಚಿಕೊಂಡು ಕೂತಿರುವದು ಸಹಜ. ಅವನು ತಕ್ಕಷ್ಟು ಕಾಲ ಅಳಲಿ, ಯಾರೂ ಅವನನ್ನು ಅವಸರಪಡಿಸದಿರಲಿ. ಆದರೆ ಒಂದು ದಿವಸ ನೆರೆಮನೆಯಲ್ಲಿ ಅಳುವ ಶಬ್ದವು ಕೇಳಿಸುವದು. ಆಗ ಅಲ್ಲಿಗೆ ಹೋಗಿ ಪಕ್ಕದಲ್ಲಿ ಕೂಡುವದಕ್ಕೆ ಅವನಿಗಿಂತ ತಕ್ಕವನು ಬೇರೆ ಯಾರು? ತಾನು ಅತ್ತವನಾದದರಿಂದ ಅವನ ಮಾತನ್ನು ಆ ಮನೆಯವರು ನಂಬುವರು. ಹ್ಯಾರಿ ಲಾಡರನು ತನ್ನ ದುಃಖವು ತೀರುವ ತನಕ ಕಾದಿದ್ದರೆ ಎಂದಿಗೂ ಹಾಡುತ್ತಿರಲಿಲ್ಲ, ಯಾಕಂದರೆ ಅದು ತೀರಲೇ ಇಲ್ಲ. ಅವನು ಅದನ್ನು ಹೊತ್ತುಕೊಂಡೇ ಎದ್ದನು.